ತಕ್ಕಡಿ ಹತ್ತಿದ ಕೂಗು

ಬಿದಿರು ಮೆಳೆಗಳ ನಡುವೆ ಒಂದು ದೊಡ್ಡ ತಾವರೆಕೊಳವಿತ್ತು, ಮಕ್ಕಳೇ. ಅದರ ದಡದಲ್ಲಿ ಕಾಡಿನವರೆಲ್ಲ ಸೇರಿ ಒಂದು ವಿದ್ಯಾಪೀಠ ನಡೆಸುತ್ತಿದ್ದರು. ನೀರುನಾಯಿ ಮಾಮ ಈಜು ಕಲಿಸುತ್ತಿದ್ದ. ಗೀಜಗಣ್ಣ ಗೂಡು ನೇಯುವುದನ್ನು ಕಲಿಸುತ್ತಿದ್ದ. ಕಾಜಾಣಕ್ಕ ಬೇರೆ ಬೇರೆ ಹಕ್ಕಿಗಳ ಮಾತು ಕಲಿಸುತ್ತಿದ್ದಳು. ಮರಿಗಳಿಗೆ ಅವಳ ಪಾಠವೆಂದರೆ ಬಲು ಇಷ್ಟ, ಏಕೆಂದರೆ ಅಲ್ಲಿ ಎಷ್ಟು ಕಿರುಚಿದರೂ ಯಾರೂ ಬೈಯುತ್ತಿರಲಿಲ್ಲ.

ಕಲಿಸುವವರು ತಾವೂ ಕಲಿಯುತ್ತಲೇ ಇರಬೇಕಲ್ಲವೇ? ಆದರೆ ಕಲಿಯಲು ಕುಳಿತರೆ ಹೊಟ್ಟೆಪಾಡು ನೋಡುವವರು ಯಾರು? ಅದಕ್ಕೆಂದೇ ಒಂದು ಕಣಜವಿತ್ತು. ಕಾಡಿನವರೆಲ್ಲ ಕೈಲಾದಷ್ಟು ಕಾಳು, ತಾವರೆಬೀಜ, ಒಣಗಿದ ಹುಳು ತಂದು ಅದನ್ನು ತುಂಬುತ್ತಿದ್ದರು. ಹೊಸದೇನನ್ನಾದರೂ ಅರಿಯಲು ಹೊರಟ ಗುರುಗಳಿಗೆ ಅದರಿಂದ ಒಂದು ಪಾಲು ಸಿಗುತ್ತಿತ್ತು. ಅದನ್ನು ಹುಡುಕಾಟದ ಪಾಲು ಎನ್ನುತ್ತಿದ್ದರು.

ಕಣಜದ ಯಜಮಾನ ಮುಳ್ಳಯ್ಯನೆಂಬ ಮುಳ್ಳುಹಂದಿ. ಅವನು ಕಳ್ಳನಲ್ಲ, ಜಿಪುಣನೂ ಅಲ್ಲ. ಕಣಜದ ಒಂದು ಕಾಳನ್ನೂ ತನ್ನ ಬಾಯಿಗೆ ಹಾಕಿಕೊಂಡವನಲ್ಲ. ಪಾಪ, ಅವನಿಗೆ ಇದ್ದದ್ದು ಒಂದೇ ದೋಷ. ತೂಗಲು ಬಾರದ್ದನ್ನು ಅವನು ನಂಬುತ್ತಿರಲಿಲ್ಲ.

ಒಂದು ದಿನ ಅವನು ಬಿದಿರುಕೋಲಿಗೆ ಎರಡು ತೊಗಟೆ ಕಟ್ಟಿ, ಮತ್ತಿಮರದ ಕೊಂಬೆಗೆ ತಕ್ಕಡಿ ತೂಗುಹಾಕಿದ.

"ಇನ್ನು ಮೇಲೆ ಒಂದು ತಟ್ಟೆಯಲ್ಲಿ ಪಾಲು, ಇನ್ನೊಂದರಲ್ಲಿ ನಿಮ್ಮ ಹುಡುಕಾಟ. ಎರಡೂ ಸಮ ತೂಗಿದರೆ ಒಯ್ಯಿರಿ. ನನಗೆ ಎಲ್ಲರೂ ಒಂದೇ," ಎಂದ.

ನೀರುನಾಯಿ ಮಾಮ ಹೊಸ ಮಡುವಿನಲ್ಲಿ ಹಿಡಿದ ಮೀನನ್ನು ಇಟ್ಟ. ತಟ್ಟೆ ದಡ್ಡೆಂದು ಕೆಳಗಿಳಿಯಿತು. ಗೀಜಗಣ್ಣ ಹೊಸ ಬಗೆಯ ಗೂಡನ್ನಿಟ್ಟ. ತಟ್ಟೆ ಕೊಂಚ ತೂಗಾಡಿ ಸಮನಾಯಿತು. ಆಮೇಲೆ ಕಾಜಾಣಕ್ಕ ಬಂದಳು, ಬರಿಗೈಯಲ್ಲಿ.

"ನಿನ್ನದು ಎಲ್ಲಮ್ಮಾ?" ಎಂದು ಮುಳ್ಳಯ್ಯ ಕೇಳಿದ.

"ಇಲ್ಲೇ ಇದೆ, ಮುಳ್ಳಯ್ಯ. ಕೊಕ್ಕರೆ ಅಜ್ಜನಿಂದ ಹೆಬ್ಬಾತುಗಳ ಮಾತು ಕಲಿಯುತ್ತಿದ್ದೇನೆ," ಎಂದು ಅವಳು ತಟ್ಟೆಯ ಅಂಚಿನ ಬಳಿ ಕುಳಿತು ಒಂದು ಕೂಗು ಕೂಗಿದಳು. ದೂರದ ಗಾಳಿಯನ್ನೆಲ್ಲ ಕೊರಳಲ್ಲಿ ತುಂಬಿಕೊಂಡಂಥ ಕೂಗು ಅದು. ಮರಿಗಳು ಬಾಯಿ ತೆರೆದು ಕೇಳಿದವು.

ತಟ್ಟೆ ಮಾತ್ರ ಅಲುಗಲಿಲ್ಲ.

"ಹೆಬ್ಬಾತುಗಳು ಚಳಿಗಾಲಕ್ಕೆ ಬರುತ್ತವೆ, ಹೋಗುತ್ತವೆ. ಅವುಗಳ ಮಾತು ಕಲಿತರೆ ನಮಗೇನು ಉಪಯೋಗ?" ಎಂದ ಮುಳ್ಳಯ್ಯ.

ಕಾಜಾಣಕ್ಕನಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. "ಈಗಲೇ ಹೇಳಲಾರೆ. ಕಲಿತ ಮೇಲೆ ತಿಳಿದೀತು. ಈ ಕಾಡಿನಲ್ಲಿ ಆ ಮಾತು ಬಲ್ಲವನು ಅಜ್ಜ ಒಬ್ಬನೇ. ಅವನಿಗೋ ತೀರಾ ವಯಸ್ಸಾಗಿದೆ. ಅವನು ಹೋಗುವುದರೊಳಗೆ ಪೂರ್ತಿ ಕಲಿಯಬೇಕು ಅಂತ ನನ್ನಾಸೆ."

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!" ಎಂದು ಮುಳ್ಳಯ್ಯ ನಕ್ಕ. "ತೂಕ ತಾ, ಪಾಲು ಕೊಡುತ್ತೇನೆ."

ಗೀಜಗಣ್ಣನಿಗೆ ಕನಿಕರವಾಯಿತು. ಅವಳನ್ನು ಪಕ್ಕಕ್ಕೆ ಕರೆದು, "ಅಕ್ಕಾ, ವಾದ ಮಾಡಬೇಡ. ಬೆಳಿಗ್ಗೆ ಒಂದಿಷ್ಟು ಕಡ್ಡಿ, ಕಾಯಿ ಆರಿಸಿ ತಂದು ತಕ್ಕಡಿಗೆ ಹಾಕು. ಆಮೇಲೆ ನಿನ್ನ ಹುಡುಕಾಟ ನೀನು ಮಾಡಿಕೋ. ಯಾರು ಕೇಳುತ್ತಾರೆ?" ಎಂದ.

ಮಾತೇನೋ ಒಳ್ಳೆಯ ಮನಸ್ಸಿನದು. ಹಸಿದಿದ್ದ ಕಾಜಾಣಕ್ಕ ಹಾಗೆಯೇ ಮಾಡಿದಳು. ಮೊದಲು ಕಡ್ಡಿ ತಂದಳು, ಸಾಲಲಿಲ್ಲ. ನೆಲ್ಲಿಕಾಯಿ ತಂದಳು, ಮುಳ್ಳಯ್ಯ ಮೆಚ್ಚಿದ. "ನೋಡು, ಈಗ ನಿನ್ನ ಹುಡುಕಾಟ ಎಷ್ಟು ಮುಂದುವರಿದಿದೆ!" ಎಂದು ಒಂದು ದೊನ್ನೆ ಒಣಹುಳು ಅಳೆದುಕೊಟ್ಟ. ಹೆಬ್ಬಾತುಗಳ ಮಾತಿಗೂ ನೆಲ್ಲಿಕಾಯಿಗೂ ಏನು ಸಂಬಂಧ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಆದರೆ ಕೊಕ್ಕರೆ ಅಜ್ಜನ ಕೊರಳು ತೆರೆಯುತ್ತಿದ್ದದ್ದು ಬೆಳಗಿನ ಎಳೆಬಿಸಿಲಿನಲ್ಲಿ ಮಾತ್ರ. ಬಿಸಿಲೇರಿದರೆ ಅವನ ದನಿ ಇಂಗಿಹೋಗುತ್ತಿತ್ತು. ಮುಳ್ಳಯ್ಯ ತೂಗುತ್ತಿದ್ದದ್ದೂ ಬೆಳಿಗ್ಗೆ ಮಾತ್ರ. ಕಾಜಾಣಕ್ಕ ಕಾಯಿ ಹೊತ್ತು, ತೂಗಿಸಿ, ಪಾಲು ತಿಂದು ಕೊಳದ ದಡಕ್ಕೆ ಬರುವಷ್ಟರಲ್ಲಿ ಅಜ್ಜ ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಿಂತಿರುತ್ತಿದ್ದ.

"ತಡವಾಯಿತೇನೇ ಮಗಳೇ?" ಎಂದು ಪಿಸುಗುಟ್ಟುತ್ತಿದ್ದ. "ಉಳಿದೆಲ್ಲ ಕಲಿತೆ. ಉತ್ತರ ಕೊಡುವ ಕೂಗು ಒಂದು ಬಾಕಿ. ಅದನ್ನು ಕೊನೆಗೇ ಕಲಿಸಬೇಕು ಅಂತ ನನ್ನ ಅಜ್ಜ ಹೇಳಿದ್ದ. ನಾಳೆ ಬೆಳಿಗ್ಗೆ ಬೇಗ ಬಾ."

"ನಾಳೆ ಖಂಡಿತ ಬರುತ್ತೇನೆ, ಅಜ್ಜ," ಎನ್ನುತ್ತಿದ್ದಳು. ನಾಳೆಯೂ ತಕ್ಕಡಿ ಇರುತ್ತಿತ್ತು.

ಒಂದು ದಿನ ಅವಳು ಬಂದಾಗ ದಡದಲ್ಲಿ ಅಜ್ಜನಿರಲಿಲ್ಲ. ಅವನ ಬೂದುಬಣ್ಣದ ಗರಿಯೊಂದು ನೀರಿನ ಮೇಲೆ ತೇಲುತ್ತಿತ್ತು. ತೂಗಿ ಮಿಕ್ಕು ಅವಳ ಕೊಕ್ಕಿನಲ್ಲಿದ್ದ ನೆಲ್ಲಿಕಾಯಿ ಕೆಳಗೆ ಬಿತ್ತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಚಳಿ ಬಂತು. ಹಿಮದ ಬೆಟ್ಟಗಳಾಚೆಯಿಂದ ಹೆಬ್ಬಾತುಗಳೂ ಬಂದವು. ಕಾಡಿನವರೆಲ್ಲ ದಡದಲ್ಲಿ ಸೇರಿ ತಲೆಯೆತ್ತಿ ನಿಂತರು. ಮುಳ್ಳಯ್ಯನೂ ಬಂದಿದ್ದ, ಆ ಅತಿಥಿಗಳನ್ನು ಕಂಡರೆ ಅವನಿಗೂ ಪ್ರೀತಿಯೇ. ಆದರೆ ಹಕ್ಕಿಗಳು ಇಳಿಯಲಿಲ್ಲ. ಕೊಳದ ಮೇಲೆ ಸುತ್ತುತ್ತಾ ಕೂಗತೊಡಗಿದವು.

"ಇದೇನು, ಪ್ರತಿ ವರ್ಷ ತಾವಾಗಿ ಇಳಿಯುತ್ತಿದ್ದವಲ್ಲ?" ಎಂದ ನೀರುನಾಯಿ ಮಾಮ.

"ಇಲ್ಲ ಮಾಮ," ಎಂದಳು ಕಾಜಾಣಕ್ಕ. "ಅವು ಕೇಳುತ್ತಿವೆ. 'ಮನೆಯಲ್ಲಿ ಯಾರಿದ್ದೀರಿ? ಇಳಿಯಬಹುದೇ?' ಅಂತ. ಪ್ರತಿ ವರ್ಷ ಅಜ್ಜ ಉತ್ತರ ಕೊಡುತ್ತಿದ್ದ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ."

"ಹಾಗಾದರೆ ನೀನು ಕೊಡು! ನೀನು ಕಲಿತವಳಲ್ಲವೇ?" ಎಂದು ಮುಳ್ಳಯ್ಯ ಅವಸರಪಡಿಸಿದ.

"ಪ್ರಶ್ನೆ ಕಲಿತಿದ್ದೇನೆ, ಮುಳ್ಳಯ್ಯ. ಉತ್ತರ ಕಲಿಯುವ ಹೊತ್ತಿನಲ್ಲಿ ನಿನಗೆ ನೆಲ್ಲಿಕಾಯಿ ಹೊರುತ್ತಿದ್ದೆ."

ಆದರೂ ಅವಳು ಹಾರಿದಳು. ಬಲ್ಲ ಕೂಗುಗಳನ್ನೆಲ್ಲ ಕೂಗಿದಳು. ಬನ್ನಿ ಬನ್ನಿ ಎಂದು ತನ್ನದೇ ಮಾತಿನಲ್ಲಿ ಬೇಡಿಕೊಂಡಳು. ಹೆಬ್ಬಾತುಗಳು ಇನ್ನೂ ಕೆಲಹೊತ್ತು ಕಾದು, ಆಮೇಲೆ ಸಾಲು ಕಟ್ಟಿ ಗುಡ್ಡದಾಚೆಗೆ ತಿರುಗಿದವು.

"ಹೋಗುವಾಗ ಏನೋ ಅಂದವಲ್ಲ, ಏನದು?" ಎಂದು ಮುಳ್ಳಯ್ಯ ಮೆಲ್ಲಗೆ ಕೇಳಿದ.

"'ಈ ಮನೆಯಲ್ಲಿ ಯಾರೂ ಇಲ್ಲ' ಅಂದವು."

ದಡದ ತುಂಬ ಕಾಡಿನವರೆಲ್ಲ ನಿಂತೇ ಇದ್ದರು.

ಹೆಬ್ಬಾತುಗಳ ಹಿಕ್ಕೆಯೇ ಆ ಕೊಳಕ್ಕೆ ಗೊಬ್ಬರವಾಗಿತ್ತು, ಮಕ್ಕಳೇ. ಅದಿಲ್ಲದೆ ಆ ಬೇಸಗೆಯಲ್ಲಿ ತಾವರೆ ಬಡವಾಯಿತು. ಮೀನು ಸಣಕಲಾಯಿತು. ನೀರುನಾಯಿ ಮಾಮನ ತಟ್ಟೆಯೂ ಮೇಲೆಯೇ ನಿಂತಿತು. ಕಣಜ ಇಳಿಯುತ್ತಾ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಮುಳ್ಳಯ್ಯ ಒಂದು ಬುಟ್ಟಿ ತುಂಬ ಒಣಹುಳು ಹೊತ್ತುಕೊಂಡು ಕಾಜಾಣಕ್ಕನ ಮರದಡಿಗೆ ಬಂದ.

"ಎಲ್ಲವನ್ನೂ ತಗೋ ತಾಯಿ. ಆ ಕೂಗು ಕಲಿತು ಬಾ."

"ಅಂದು ಅಜ್ಜನಿದ್ದ, ಪಾಲಿರಲಿಲ್ಲ. ಇಂದು ಪಾಲಿದೆ, ಅಜ್ಜನಿಲ್ಲ," ಎಂದಳು ಕಾಜಾಣಕ್ಕ. ಮುಳ್ಳಯ್ಯ ತಲೆತಗ್ಗಿಸಿದ. ಅವನ ಮುಳ್ಳುಗಳೆಲ್ಲ ಬೆನ್ನಿಗೆ ಒರಗಿಹೋಗಿದ್ದವು. ಅವನನ್ನು ನೋಡಿ ಅವಳ ಮನಸ್ಸು ಕರಗಿತು.

"ಗುಡ್ಡದಾಚೆ ಎಲ್ಲೋ ಅವು ಇಳಿದಿರಬೇಕು. ಅಲ್ಲಿ ಯಾರೋ ಉತ್ತರ ಕೊಟ್ಟಿರಬೇಕು. ಹುಡುಕಿಕೊಂಡು ಹೋಗುತ್ತೇನೆ. ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು."

"ಎಷ್ಟು ದಿನ ಬೇಕು? ತಿರುಗಿ ಬರುವಾಗ ಏನು..." ಎಂದು ಶುರುಮಾಡಿದ ಮುಳ್ಳಯ್ಯ ಅಲ್ಲಿಗೇ ನಿಲ್ಲಿಸಿದ. ಬುಟ್ಟಿಯಿಂದ ಅವಳು ಹೊರುವಷ್ಟು ಹುಳು ತೆಗೆದು ಎಲೆಯಲ್ಲಿ ಕಟ್ಟಿಕೊಟ್ಟ. ತೂಗಲಿಲ್ಲ.

ಅವಳು ಹಾರಿಹೋದ ಮೇಲೆ ಅವನು ಮತ್ತಿಮರದ ತಕ್ಕಡಿಯನ್ನು ಬಿಚ್ಚಿಟ್ಟ. ಕಾಜಾಣಕ್ಕ ಇನ್ನೂ ಬಂದಿಲ್ಲ. ಅವಳ ಪಾಲನ್ನು ಮಾತ್ರ ಮುಳ್ಳಯ್ಯ ದಿನವೂ ತೆಗೆದಿಡುತ್ತಾನೆ. ಬೆಳಗಿನ ಎಳೆಬಿಸಿಲಿನಲ್ಲಿ ಅಜ್ಜ ನಿಲ್ಲುತ್ತಿದ್ದ ಜಾಗಕ್ಕೆ ಬಂದು, ಮುಗಿಲಿನ ಕಡೆ ಕಿವಿಗೊಟ್ಟು ಕೂರುತ್ತಾನೆ.

ನೀತಿ: ಅರಿವನ್ನು ಮೊದಲೇ ತೂಗಿ ನೋಡಿ ಅನ್ನ ಹಾಕುತ್ತೇವೆಂದರೆ, ಅದು ಬೇಕಾದ ದಿನ ಕಲಿಸುವವರೂ ಇರುವುದಿಲ್ಲ, ಕಲಿತವರೂ ಇರುವುದಿಲ್ಲ.