ಸನುಕ್ರಿಯ ಕೆಂಪು ಭತ್ತ

"ಗುರುಗಳೇ, ಜಗಳವಾಗಬಾರದೆಂದು ಬಾಯಿ ಕಟ್ಟಿಕೊಂಡಿರುವುದೂ ಒಂದು ತಪಸ್ಸೇ ಅಲ್ಲವೆ?"

ಕೇಳಿದವನು ಸೋಮಲಿಂಗ. ಮಠದ ಅಡುಗೆಮನೆಯಲ್ಲಿ ಜೊತೆಗೆ ದುಡಿಯುವ ಗೆಳೆಯನೊಡನೆ ಅವನು ಯುಗಾದಿಯಿಂದ ಮಾತು ಬಿಟ್ಟಿದ್ದ. ಏಕೆಂದು ಕೇಳಿದವರಿಗೆಲ್ಲ, ತಪ್ಪು ಅವನದು, ನಾನು ಸಹಿಸಿಕೊಂಡಿದ್ದೇನೆ ಎನ್ನುತ್ತಿದ್ದ. ಗುರುಗಳಿಗೆ ಇದು ಗೊತ್ತಿತ್ತು. ಅವರು ಕೂರಲು ಹೇಳಿ ಒಂದು ಕತೆ ತೆಗೆದರು.

ಸಮುದ್ರದಾಚೆ ಜಾವಾ ದ್ವೀಪದಲ್ಲಿ ಸುಂದಾ ಎಂಬ ಸೀಮೆಯಿದೆ. ಬೆಟ್ಟದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಗದ್ದೆ ಮಾಡಿಕೊಂಡ ಜನರ ಸೀಮೆ ಅದು. ಅಲ್ಲಿ ಚಿಹೆನಿಂಗ್ ಎಂಬ ಹಳ್ಳಿ. ಬೆಟ್ಟದ ನೆತ್ತಿಯ ಊಟೆಯಿಂದ ನೀರು ಮೊದಲ ಗದ್ದೆಗೆ ಬೀಳುತ್ತದೆ. ಆ ಗದ್ದೆಯ ಬದುವಿನಲ್ಲಿ ಬಿಟ್ಟ ಕಂಡಿಯಿಂದ ಅದರ ಕೆಳಗಿನದಕ್ಕೆ, ಅಲ್ಲಿಂದ ಅದಕ್ಕೂ ಕೆಳಗಿನದಕ್ಕೆ. ಹಾಗಾಗಿ ಅಲ್ಲಿ ಯಾರಿಗೇ ಆಗಲಿ ನೀರು ಬರುವುದು ಮೇಲಿನ ಗದ್ದೆಯವರ ಕೈಯಿಂದ. ಇನ್ನೊಬ್ಬರ ಬದುವಿಗೆ ಕೇಳದೆ ಕೈ ಹಚ್ಚುವ ಪದ್ಧತಿ ಆ ಊರಲ್ಲಿ ಇಲ್ಲ.

ಅದು ಮೊದಲೇ ಸದ್ದಿಲ್ಲದ ಊರು. ಪೈರಿನ ಒಡಲಲ್ಲಿ ತೆನೆ ಮೂಡಿ ಹೊಡೆ ಕಟ್ಟಿತೆಂದರೆ ಇನ್ನೂ ಮೆತ್ತಗಾಗುತ್ತದೆ. ಅವರ ಪಾಲಿಗೆ ಭತ್ತ ಒಬ್ಬ ತಾಯಿ. ಅವಳ ಹೆಸರು ಪೊಹಾಚಿ. ಹೊಡೆ ಕಟ್ಟಿದ ಪೈರು ಬಸುರಿ. ಬಸುರಿಯ ಎದುರು ಯಾರಾದರೂ ಗಂಟಲು ಹರಿದುಕೊಳ್ಳುತ್ತಾರೆಯೇ? ಆದ್ದರಿಂದ ಹೊಡೆ ಕಟ್ಟಿದಾಗಿನಿಂದ ತೆನೆ ಬಾಗುವವರೆಗೆ ಅಲ್ಲಿ ಯಾರೂ ದನಿ ಏರಿಸುವಂತಿಲ್ಲ. ಆಚೆ ಬದುವಿನಲ್ಲಿ ಇರುವವನನ್ನು ಈಚೆ ಬದುವಿನಿಂದ ಕೂಗುವುದಿಲ್ಲ; ಎದ್ದು ಹೋಗಿ ಪಕ್ಕದಲ್ಲಿ ನಿಂತು ಕರೆಯುತ್ತಾರೆ. ಗಂಡಹೆಂಡಿರ ಜಗಳ ಕೂಡ ಸುಗ್ಗಿಯವರೆಗೆ ಕಾಯಬೇಕು. ಹಾಗೆ ಕಾದ ಜಗಳ ಎಷ್ಟೋ ಸಲ ಮರೆತೇ ಹೋಗುತ್ತದೆ, ಅದು ಬೇರೆ ಮಾತು.

ಆ ಊರಿನಲ್ಲಿ ಸನುಕ್ರಿ ಎಂಬ ರೈತನಿದ್ದ. ಒಳ್ಳೆಯವನು, ದುಡಿಮೆಗಾರ. ತಾನು ಒಳ್ಳೆಯವನೆಂಬುದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಅವನ ತಾಯಿ ಸಾಯುವ ಮುಂಚೆ ಅವನ ಕೈಗೆ ಒಂದು ಕೆಂಪು ಭತ್ತದ ತಳಿ ಕೊಟ್ಟಿದ್ದಳು. ಅವಳಿಗೆ ಅವಳ ತಾಯಿ ಕೊಟ್ಟದ್ದು. ಆ ತಳಿ ಊರಿನಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಕಣಜದಲ್ಲಿ ಹಳೆಯ ಕಾಳು ಎಷ್ಟಿದ್ದರೂ ಅದು ಊಟಕ್ಕಾಗುತ್ತದೆ, ಮೊಳಕೆಗೆ ಆಗುವುದಿಲ್ಲ. ವರ್ಷ ವರ್ಷವೂ ಬೆಳೆದು, ವರ್ಷ ವರ್ಷವೂ ಬೀಜ ಎತ್ತಿಡಬೇಕು. ಸನುಕ್ರಿ ಒಂದು ವರ್ಷವೂ ತಪ್ಪಿಸಿರಲಿಲ್ಲ. ಗದ್ದೆಗೆ ಇಳಿದಾಗೆಲ್ಲ ತಾಯಿಯ ಮನೆಗೆ ಹೋದಂತೆ ಅವನಿಗೆ ಅನಿಸುತ್ತಿತ್ತು.

ಆ ಸಾಲಿನ ಕೊನೆಯ ಗದ್ದೆ ಅವನದು, ಅದರ ಮೇಲಿನದು ಸರ್ಮಿ ಎಂಬ ವಿಧವೆಯದು. ಒಂದು ವರ್ಷ ಪೈರು ಹೊಡೆ ಕಟ್ಟಿದ ಹೊಸದರಲ್ಲಿ ಮೇಲಿನಿಂದ ಬರುವ ನೀರು ಸಣ್ಣಗಾಯಿತು. ಆಮೇಲೆ ನಿಂತೇ ಹೋಯಿತು. ಸನುಕ್ರಿ ಹತ್ತಿ ಹೋಗಿ ನೋಡಿದ. ಸರ್ಮಿಯ ಬದುವಿನ ಕಂಡಿಗೆ ತಾಳೆನಾರಿನ ಕಂತೆ ತುರುಕಿತ್ತು. ಅವಳ ಗದ್ದೆಯಲ್ಲಿ ನೀರು ತುಂಬಿ, ಹೆಚ್ಚಾದದ್ದು ಪಕ್ಕದ ಕೊರಕಲಿಗೆ ಹರಿದುಹೋಗುತ್ತಿತ್ತು.

ಅವನ ಮೈ ಉರಿಯಿತು. ಕೊರಕಲಿಗೆ ಬಿಟ್ಟಾಳು, ನನಗೆ ಬಿಡಲಾರಳು ಎಂದುಕೊಂಡ. ಬಾಯಿ ತೆರೆದ, ಸುತ್ತಲಿನ ಪೈರು ನೋಡಿ ಮುಚ್ಚಿಕೊಂಡ. ಭತ್ತದ ತಾಯಿ ಬೆದರಿದರೆ ಕಾಳು ಜೊಳ್ಳಾಗುತ್ತದೆ. ಊರಿನ ಕಟ್ಟಳೆಯನ್ನು ತಾನು ಮುರಿಯಲಾರೆ ಎಂದು ಹೆಮ್ಮೆಯಿಂದಲೇ ಇಳಿದು ಬಂದ.

ಹೋಗಿ ಒಂದು ಮಾತು ಹೇಳಿ ಬನ್ನಿ ಎಂದು ಹೆಂಡತಿ ಹೇಳಿದಳು. ಈಗ ಬಾಯಿ ಬಿಡುವ ಕಾಲವಲ್ಲ, ತೆನೆ ಬಾಗಲಿ, ಆಮೇಲೆ ನೋಡು ಎಂದ. ದಿನವೂ ಬಿದಿರಿನ ಕೊಳವೆಯಲ್ಲಿ ಕೊರಕಲಿನ ನೀರು ಹೊತ್ತು ತಂದು ಗದ್ದೆಗೆ ಸುರಿಯತೊಡಗಿದ. ದಾರಿಯಲ್ಲಿ ಸಿಕ್ಕವರು ಇದೇಕೆಂದು ಕೇಳಿದರೆ, ಏಡಿಗಳು ಬದುವನ್ನು ತೂತು ಮಾಡಿವೆ, ನೀರು ನಿಲ್ಲುತ್ತಿಲ್ಲ ಎನ್ನುತ್ತಿದ್ದ. ನಿಜ ಹೇಳಿದರೆ ಚಾಡಿ ಹೇಳಿದಂತಾಗುತ್ತದಲ್ಲ! ಒಮ್ಮೆ ಸರ್ಮಿಯೇ ಎದುರಾಗಿ, ಪೈರು ಹೇಗಿದೆ ತಮ್ಮಾ ಎಂದು ವಿಚಾರಿಸಿದಳು. ಅವನು ತಲೆ ತಗ್ಗಿಸಿ, ಚೆನ್ನಾಗಿದೆ ಅಕ್ಕಾ ಎಂದು ನಕ್ಕು ಮುಂದೆ ಹೋದ. ನನ್ನನ್ನು ಕೆಣಕಲೆಂದೇ ಕೇಳಿದಳು ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದ.

ಹೀಗೆ ಬಾಯಿ ಮುಚ್ಚಿದ್ದರೂ ಒಳಗೆ ಅವನಿಗೆ ಬಿಡುವಿರಲಿಲ್ಲ. ನೀರು ಹೊರುವಾಗ, ಉಣ್ಣುವಾಗ, ಮಲಗಿದಾಗ, ಸುಗ್ಗಿಯ ಮೇಲೆ ಸರ್ಮಿಗೆ ಏನೇನು ಹೇಳಬೇಕೆಂದು ಮಾತು ಕಟ್ಟುತ್ತಿದ್ದ. ನಿನ್ನೆ ಕಟ್ಟಿದ್ದು ಇಂದು ಸಪ್ಪೆ ಎನಿಸಿ ಇನ್ನಷ್ಟು ಖಾರ ಹಾಕುತ್ತಿದ್ದ. ಗದ್ದೆ ಒಣಗುತ್ತಿತ್ತು, ಮಾತು ಹುಲುಸಾಗಿ ಬೆಳೆಯುತ್ತಿತ್ತು. ಹೊತ್ತು ತಂದ ನೀರಿಗೆ ಗರಿಗಳು ಹಸಿರಾಗಿಯೇ ಉಳಿದವು; ಅದನ್ನು ನೋಡಿ ಪೈರು ಉಳಿಯಿತೆಂದು ನಂಬಿದ್ದ. ಹೊಡೆಯೊಳಗೆ ಏನಾಗುತ್ತಿದೆ ಎಂಬುದು ಹೊರಗೆ ಕಾಣುವುದಿಲ್ಲ.

ಸುಗ್ಗಿ ಬಂತು. ಎಲ್ಲರ ತೆನೆ ಬಾಗಿದವು, ಸನುಕ್ರಿಯವು ಬಾಗಲಿಲ್ಲ. ಆ ಊರಿನ ಹೆಂಗಸರು ಅಂಗೈಯಲ್ಲಿ ಅಡಗುವ ಪುಟ್ಟ ಅಲಗಿನಿಂದ ಒಂದೊಂದೇ ತೆನೆ ಕೊಯ್ಯುತ್ತಾರೆ. ಅವನ ಹೆಂಡತಿ ಒಂದು ತೆನೆ ಕೊಯ್ದು ಉಜ್ಜಿ ನೋಡಿದಳು. ಜೊಳ್ಳು. ಇನ್ನೊಂದು ನೋಡಿದಳು, ಅದೂ ಜೊಳ್ಳು. ಸಂಜೆಯವರೆಗೆ ಇಬ್ಬರೂ ಗದ್ದೆಯೆಲ್ಲ ಹುಡುಕಿದರು. ಬೀಜಕ್ಕೆಂದು ಒಂದು ಹಿಡಿ ಗಟ್ಟಿ ಕಾಳೂ ಸಿಗಲಿಲ್ಲ.

ಸನುಕ್ರಿ ಎದ್ದು ನೇರ ಸರ್ಮಿಯ ಅಂಗಳಕ್ಕೆ ಹೋದ. ಈಗ ಕೂಗಬಹುದಿತ್ತು. ಕಟ್ಟಿಟ್ಟ ಮಾತನ್ನೆಲ್ಲ ಒಂದನ್ನೂ ಬಿಡದೆ ಕೂಗಿದ. ನೀರುಗಳ್ಳಿ ಎಂದ, ಹೊಟ್ಟೆಕಿಚ್ಚಿನವಳು ಎಂದ, ನನ್ನ ತಾಯಿಯ ಬೀಜ ತಿಂದವಳು ಎಂದ. ಊರೆಲ್ಲ ಬಾಗಿಲಿಗೆ ಬಂದು ನಿಂತಿತು.

ಸರ್ಮಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ತಿಳಿದ ಕೂಡಲೇ ಗದ್ದೆಗೆ ಓಡಿ ಕಂಡಿಯ ನಾರನ್ನು ಕಿತ್ತು ತಂದಳು. ಕೆಸರು ಮೆತ್ತಿ ಅದು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಗದ್ದೆಯ ನೀರಿನಲ್ಲಿ ಅವಳು ಮೀನಿನ ಮರಿ ಬಿಟ್ಟಿದ್ದಳು. ಅವು ಹರಿದು ಹೋಗದಿರಲಿ, ನೀರು ಮಾತ್ರ ಸೋಸಿ ಇಳಿಯಲಿ ಎಂದು ನಾರು ತುರುಕಿದ್ದಳು. ಆಮೇಲೆ ಅತ್ತ ತಿರುಗಿ ನೋಡಿರಲಿಲ್ಲ. ನೋಡಬೇಕಿತ್ತು, ತಪ್ಪು ನನ್ನದು ಎಂದು ಎಲ್ಲರೆದುರು ಒಪ್ಪಿಕೊಂಡು ಅತ್ತಳು. ಅತ್ತು ಮುಗಿಸಿ ಅವನ ಮುಖ ನೋಡಿ ಕೇಳಿದಳು:

"ದಾರಿಯಲ್ಲಿ ಸಿಕ್ಕಾಗ ನಾನಾಗಿಯೇ ವಿಚಾರಿಸಿದೆ. ನೀನು ಚೆನ್ನಾಗಿದೆ ಅಂದೆ. ಕೂಗಬಾರದು ಅಂತಿತ್ತು ತಮ್ಮಾ, ಹೇಳಬಾರದು ಅಂತ ಯಾರು ಅಂದಿದ್ದರು?"

ಸನುಕ್ರಿ ಅಷ್ಟು ದಿನ ಮಾತು ಕಟ್ಟಿದ್ದರೂ, ಮೆಲ್ಲಗೆ ಹೇಳಬಹುದಿತ್ತು ಎಂಬುದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಅವನು ಹೇಳುತ್ತಿರಲಿಲ್ಲವೇನೋ. ಮೆಲ್ಲಗೆ ಹೇಳಿದ್ದರೆ ಅವಳು ನಾರು ಕೀಳುತ್ತಿದ್ದಳು, ಕೂಗಲು ಏನೂ ಉಳಿಯುತ್ತಿರಲಿಲ್ಲ.

ಆ ವರ್ಷ ಅವನ ಮನೆಯವರು ಉಪವಾಸ ಬೀಳಲಿಲ್ಲ. ಸರ್ಮಿ ತನ್ನ ಕಣಜದಿಂದ ಭತ್ತದ ಕಟ್ಟುಗಳನ್ನು ತಾನೇ ಹೊತ್ತು ತಂದು ಇಟ್ಟಳು. ಬಿತ್ತಲು ಬೀಜವನ್ನೂ ಕೊಟ್ಟಳು, ಅವಳ ಮನೆಯ ಬಿಳಿ ಭತ್ತದ್ದು. ಸನುಕ್ರಿ ಅದನ್ನೇ ಬಿತ್ತಿದ, ಅದೇ ಬೆಳೆಯಿತು. ಕೆಂಪು ಭತ್ತ ಆ ಊರಿನಲ್ಲಿ ಮತ್ತೆ ಕಾಣಲಿಲ್ಲ.

ಕತೆ ಅಷ್ಟಕ್ಕೆ ನಿಂತಿತು. ಸೋಮಲಿಂಗನಿಗೆ ಸಮಾಧಾನವಾಗಿರಲಿಲ್ಲ.

"ಆದರೂ ಗುರುಗಳೇ, ಕಂಡಿ ಮುಚ್ಚಿದ್ದು ಆಕೆ. ತಪ್ಪು ಆಕೆಯದೇ ತಾನೆ?"

"ಆಕೆಯದೇ ಸೋಮಲಿಂಗ, ಹೋದ ಬೀಜ ಮಾತ್ರ ಇವನದು."