ಪಂಚಕ ಕಳೆಯುವತನಕ

ಹೊಳೆಯ ದಂಡೆಯ ಆಶ್ರಮದಲ್ಲಿ ಅಡವಯ್ಯ ಎಂಬ ಶಿಷ್ಯನಿದ್ದ. ಒಂದು ದಿನ ಗುರುಗಳ ಮುಂದೆ ಕೈಮುಗಿದು ನಿಂತ.

"ಸಾಯುವವರಿಗೆ ಒಂದು ಮನೆ ಕಟ್ಟಬೇಕು ಅಂತ ಆಸೆ ಗುರುಗಳೇ. ಔಷಧಿ ನಾಟದವರು ಕಡೆಯ ದಿನಗಳನ್ನು ಅಲ್ಲಿ ನೆಮ್ಮದಿಯಿಂದ ಕಳೆಯಬೇಕು."

"ನೀನು ಯಾವತ್ತಾದರೂ ಸತ್ತಿದ್ದೀಯಾ?"

"ಇಲ್ಲ."

"ಹಾಗಾದರೆ ಕಟ್ಟು. ಸತ್ತವರು ಯಾರೂ ಬಂದು ಕಟ್ಟುವುದಿಲ್ಲ."

ಅಡವಯ್ಯ ಮೈಮುರಿದು ಕಟ್ಟಿದ. ದಂಡೆಯ ಬೇವು, ಹೊಂಗೆಗಳಲ್ಲಿ ಒಂದನ್ನೂ ಕಡಿಯದೆ ಅವುಗಳ ನಡುವೆಯೇ ಕಟ್ಟಿದ. ಹೊಳೆಯ ಕಡೆಗೆ ಗೋಡೆಯೇ ಇಲ್ಲ, ಬರೀ ಕಂಬ. ಮಲಗಿದಲ್ಲಿಂದಲೇ ನೀರು ಕಾಣಬೇಕು. ಒಳಗೋಡೆಗೆ ಕೆಮ್ಮಣ್ಣು ಬಳಿದು ಸುಣ್ಣದಲ್ಲಿ ಚಿತ್ತಾರ ಬರೆಸಿದ. ಮೂಲೆಯಲ್ಲೊಂದು ಬೀಸುವ ಕಲ್ಲು ಇಟ್ಟು, ಸಂಜೆ ಊರ ಹೆಂಗಸರನ್ನು ಕರೆಸಿ ಬೀಸುವ ಪದ ಹಾಡಿಸಿದ. ಹುಟ್ಟಿದ ನೆಲದ ಹಾಡು ಕೇಳುತ್ತ ಜೀವ ಹೋಗಲಿ ಎಂಬುದು ಅವನ ಬಯಕೆ.

ಜನ ಬಂದರು. ಕೆಲವು ದಿನ ಹಾಸಿಗೆ ಸಾಲದಷ್ಟು ಬಂದರು. ಆಮೇಲೆ ದಿನಗಟ್ಟಲೆ ಒಬ್ಬರೂ ಇಲ್ಲ. ಬಂದವರಲ್ಲಿ ಕೆಲವರು ಅಲ್ಲೇ ಸತ್ತರು. ಉಳಿದವರನ್ನು ಮನೆಯವರೇ ಬಂದು ವಾಪಸು ಕರೆದುಕೊಂಡು ಹೋದರು.

"ನೋಡಿದಿರಾ ಗುರುಗಳೇ? ಹೊಳೆಯ ಗಾಳಿಗೆ ಚೇತರಿಸಿಕೊಂಡು ಮನೆಗೆ ಹೋದರು."

ಗುರುಗಳು ಹೋದವರ ಹಾಸಿಗೆ ಮಡಚುತ್ತಿದ್ದರು. "ನಡೆದುಕೊಂಡು ಹೋದರೋ, ಹೊತ್ತುಕೊಂಡು ಹೋದರೋ?"

"ಹೊತ್ತುಕೊಂಡೇ ಹೋದರು."

"ಹ್ಞೂಂ," ಎಂದು ಗುರುಗಳು ಇನ್ನೊಂದು ಹಾಸಿಗೆ ಎತ್ತಿಕೊಂಡರು.

ಪಾಪ, ಅಡವಯ್ಯ ಒಳ್ಳೆಯವನು. ಒಳ್ಳೆಯವರಿಗೆ ತಾವು ಮಾಡಿದ ಒಳ್ಳೆಯದು ಬೇಗ ಕಾಣುತ್ತದೆ, ಮಿಕ್ಕಿದ್ದು ತಡವಾಗಿ.

ಒಂದು ಬೆಳಿಗ್ಗೆ ದುರಗಪ್ಪ ಎಂಬವನು ತನ್ನ ಹೆಂಡತಿ ಕಾಶವ್ವನನ್ನು ಚಕ್ಕಡಿಯಲ್ಲಿ ಕರೆತಂದ. ನಲವತ್ತು ತುಂಬದ ಹೆಂಗಸು. ಹೊಟ್ಟೆಯಲ್ಲಿ ಗಡ್ಡೆ, ಆಸ್ಪತ್ರೆಯವರು ಕೈಚೆಲ್ಲಿದ್ದರು. ಅವಳನ್ನು ಹಾಸಿಗೆಗೆ ಇಳಿಸಿದವನೇ ಹಿಂತಿರುಗಿ ನೋಡದೆ ಚಕ್ಕಡಿ ಹೊಡೆದ.

ಕಾಶವ್ವ ಹೊಳೆಗೆ ಬೆನ್ನು ಹಾಕಿ ಮಲಗಿದಳು. ಮರುದಿನವೂ ಹಾಗೆಯೇ. ಅಡವಯ್ಯನಿಗೆ ತಡೆಯಲಾಗಲಿಲ್ಲ.

"ಈ ಕಡೆ ತಿರುಗು ತಾಯಿ. ಹೊಳೆ ಎಷ್ಟು ಚೆನ್ನಾಗಿದೆ ನೋಡು."

"ಚೊಲೋ ಐತ್ರಿ. ಆದ್ರ ಆ ಹೊಳಿ ನಂದಲ್ಲ."

"ಸಂಜೆಯ ಹಾಡು?"

"ಹಾಡೂ ಚೊಲೋ ಐತಿ. ಬೀಸೋ ಪದ ಹಾಡ್ತಾರ, ಕಲ್ಲಾಗ ಕಾಳಿಲ್ಲ."

ಅಡವಯ್ಯನ ಮುಖ ಸಪ್ಪಗಾಯಿತು. "ಮತ್ತೇನು ಬೇಕು ಹೇಳು. ಮಾಡಿಸುತ್ತೇನೆ."

"ನಮ್ಮನಿಗೆ ಒಯ್ದು ಬಿಡ್ರಿ. ಆ ಗ್ವಾಡಿ ನಾನ ಮೆತ್ತಿದ್ದು. ಒಲಿ ನಾನ ಹಾಕಿದ್ದು. ಅಲ್ಲೇ ಸಾಯ್ತೀನಿ."

"ಹಾಗಾದರೆ ನಿನ್ನ ಗಂಡ ಇಲ್ಲಿಗೆ ಯಾಕೆ ತಂದ?"

ಅವಳು ಅವನನ್ನು ಕನಿಕರದಿಂದ ನೋಡಿದಳು.

"ನಿಮಗ ಗೊತ್ತಿಲ್ಲೇನ್ರಿ? ಪಂಚಕ ನಡದೈತಿ, ಕೆಟ್ಟ ನಕ್ಷತ್ರ. ಈ ಐದು ದಿನದಾಗ ಮನ್ಯಾಗ ಜೀವ ಹೋದ್ರ ಮನಿಗೆ ಕೀಲಿ ಹಾಕಿ ಆರು ತಿಂಗಳು ಬಿಡಬೇಕು. ಅದಕ್ಕ ಇಲ್ಲಿ ತಂದು ಮಲಗಿಸ್ತಾರ. ಪಂಚಕ ಕಳದ ಮ್ಯಾಲೆ ಜೀವ ಇದ್ರ ವಾಪಸ್ ಒಯ್ತಾರ. ಸುತ್ತ ಹಳ್ಳಿಗೆಲ್ಲ ನಿಮ್ಮ ಮನಿ ಭಾಳ ಅನುಕೂಲ ಆಗೇತ್ರಿ."

ಅವಳು ಕುಹಕಕ್ಕೆ ಹೇಳಿದ್ದಲ್ಲ. ಉಪಕಾರ ನೆನೆದೇ ಹೇಳಿದಳು.

ಅಡವಯ್ಯ ಓಡಿದ. ಗುರುಗಳ ಮುಂದೆ ಕುಸಿದು ಕೂತ.

"ನಾನು ಕಟ್ಟಿದ್ದು ಮನೆಯಲ್ಲ ಗುರುಗಳೇ. ಊರಿನವರು ಸಾವನ್ನು ತಂದು ಸುರಿಯುವ ತಿಪ್ಪೆ. ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಕಟ್ಟುತ್ತಿರಲಿಲ್ಲ. ಅವರು ಬೇಲಿಯ ಬುಡದಲ್ಲಿ ಸಾಯುತ್ತಿದ್ದರು."

"ಕೆಡವಿಬಿಡುತ್ತೇನೆ!"

"ಕೆಡವು. ಮೊದಲು ಒಳಗೆ ಮಲಗಿದವಳನ್ನು ಎತ್ತು."

"ಎತ್ತಿ ಎಲ್ಲಿಗೆ?"

"ಅವಳು ಎಲ್ಲಿಗೆ ಅಂದಳು?"

"ಪಂಚಕ ಕಳೆಯಲು ನಾಳೆಯೂ ಒಂದು ದಿನ ಇದೆ."

"ಅವಳಿಗೆ ಇದೆಯೇ?" ಎಂದು ಗುರುಗಳು ಎದ್ದರು.

ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ಜೋಲಿ ಮಾಡಿದರು. ಮುಂದಿನ ತುದಿಗೆ ಅಡವಯ್ಯ ಹೆಗಲು ಕೊಟ್ಟ, ಹಿಂದಿನ ತುದಿಗೆ ಗುರುಗಳು. ಕಾಶವ್ವ ಒಂದು ಕೊಡ ನೀರಿನಷ್ಟೂ ಭಾರವಿರಲಿಲ್ಲ. ದಾರಿಯುದ್ದಕ್ಕೂ ಅವಳು ಹೊಲಗಳನ್ನು ನೋಡುತ್ತ, ಇದು ಇಂಥವರದು, ಅದು ಅಂಥವರದು ಎಂದು ಹೇಳುತ್ತಲೇ ಇದ್ದಳು. ಇಷ್ಟು ಮಾತು ಅವಳಲ್ಲಿ ಉಳಿದಿದೆ ಎಂದು ಅಡವಯ್ಯನಿಗೆ ಗೊತ್ತೇ ಇರಲಿಲ್ಲ.

ಜೋಲಿ ಅಂಗಳಕ್ಕೆ ಬಂದದ್ದು ಕಂಡು ದುರಗಪ್ಪ ಬಾಗಿಲಲ್ಲೇ ನಿಂತ.

"ಇವತ್ತು ಬ್ಯಾಡ್ರಿ ಅಜ್ಜಾರ, ಕಾಲಿಗೆ ಬೀಳ್ತೀನಿ. ನಾಳೆ ಒಂದಿನ ತಡೀರಿ. ನಾಡಿದ್ದು ನಾನ ಬಂದು ಹೊತ್ಕೊಂಡು ಬರ್ತೀನಿ."

ಅಡವಯ್ಯ ಸಿಡಿದ. "ನಾಡಿದ್ದಿಗೆ ಅವಳು ಇರುವುದಿಲ್ಲ! ಹೆಂಡತಿಗಿಂತ ನಕ್ಷತ್ರ ದೊಡ್ಡದಾಯಿತೇ ನಿನಗೆ?"

"ಒಂದ ತೊಲಿ ಕೆಳಗ ಮೂರು ಮನಿ ಅದಾವ್ರಿ. ಮೂರಕ್ಕೂ ಕೀಲಿ ಬೀಳತೈತಿ. ಅಣ್ಣನ ಮನ್ಯಾಗ ಹಸೀ ಬಾಣಂತಿ ಅದಾಳ. ಕೂಸು ಕಟ್ಕೊಂಡು ಆಕಿ ಎಲ್ಲಿಗೆ ಹೋಗಬೇಕು?"

ಹೇಳುತ್ತ ಹೇಳುತ್ತ ಅವನು ಅತ್ತ. ಬಾಗಿಲಿಗೆ ಅಡ್ಡ ನಿಂತೇ ಅತ್ತ.

"ಗುರುಗಳೇ, ನೀವು ಹೇಳಿ. ನಿಮ್ಮ ಮಾತು ಮೀರುವುದಿಲ್ಲ ಅವನು."

ಗುರುಗಳು ದುರಗಪ್ಪನಿಗೆ, "ನೀರು ತಾ," ಎಂದರು.

ಅವನು ಚೊಂಬು ತಂದು ನೀಡಿದ.

"ನನಗಲ್ಲ."

ದುರಗಪ್ಪ ಅಂಗಳಕ್ಕೆ ಇಳಿದ. ಹೆಂಡತಿಯ ತಲೆ ಎತ್ತಿ ಹಿಡಿದು ನೀರು ಕುಡಿಸಿದ. ಅರ್ಧ ಒಳಗೆ ಹೋಯಿತು, ಅರ್ಧ ಕುತ್ತಿಗೆಗೆ ಹರಿಯಿತು. ಅವಳ ಸೆರಗಿನಿಂದ ಅವನೇ ಒರೆಸಿದ.

"ಒಲಿ ಹಚ್ಚೀರೇನು?" ಕಾಶವ್ವ ಕೇಳಿದಳು.

"ಹಚ್ಚೇವಿ."

"ಬಾಣಂತಿಗೆ ನೀರು ಕಾಯಿಸ್ರಿ." ಆಮೇಲೆ ಅಡವಯ್ಯನ ಕಡೆ ತಿರುಗಿದಳು. "ನಡೀರಿ, ಹೋಗೂಣು."

ಮತ್ತೆ ಜೋಲಿ ಹೊತ್ತು ಊರು ದಾಟಿದರು. ಕಾಶವ್ವ ಈಗ ಹೊಲಗಳ ಹೆಸರನ್ನೂ ಹೇಳುತ್ತಿರಲಿಲ್ಲ.

"ನೀವು ಒಂದು ಮಾತು ಅಂದಿದ್ದರೆ ಬಾಗಿಲು ಬಿಡುತ್ತಿದ್ದ," ಅಡವಯ್ಯ ಅಂದ.

"ಬಿಡುತ್ತಿದ್ದ."

"ಮತ್ತೆ?"

"ಮೂರು ಮನೆಯವರೂ ಸುತ್ತ ಕೂತು, ಇವಳ ಉಸಿರು ನಿಲ್ಲದಿರಲಿ ದೇವರೇ ಅಂತ ಬೇಡುತ್ತಿದ್ದರು. ಇವಳಿಗಾಗಿ ಅಲ್ಲ."

ಅಡವಯ್ಯನ ಎದೆ ಒಡೆದುಹೋಯಿತು. ಜಗತ್ತಿನಲ್ಲಿ ಈ ಹೆಂಗಸಿಗೆ ಮಲಗಲು ಜಾಗವಿಲ್ಲ ಅನ್ನಿಸಿತು. ಅನ್ನಿಸಿದ್ದನ್ನು ಹಾಗೇ ಹೊತ್ತು ನಡೆಯುವ ಶಕ್ತಿ ಅವನಿಗಿರಲಿಲ್ಲ. ಮಾತಿಗೆ ತೊಡಗಿದ.

"ತಪ್ಪು ನನ್ನದೇ. ಎಲ್ಲರಿಗೂ ಒಂದೇ ಹೊಳೆ ಸಾಕು ಅಂದುಕೊಂಡೆ. ಇನ್ನು ಹಾಗಲ್ಲ. ಬಂದವರ ಮನೆಯ ಮಣ್ಣೇ ತಂದು ಅವರ ಗೋಡೆ ಮೆತ್ತಿಸೋಣ. ಅವರ ಒಲೆಯ ಕಲ್ಲು ತರಿಸೋಣ. ಬೀಸುವ ಕಲ್ಲಿಗೆ ಜೋಳ ಹಾಕಿಸೋಣ."

ಅಡವಯ್ಯ ಗಳವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

"ಕೇಳಿಸಿತೇ ಕಾಶವ್ವ? ಮೊದಲು ನಿನ್ನ ಕೋಣೆ. ಊರ ಕಡೆಗೆ ಒಂದು ಕಿಟಕಿ ಇಡಿಸುತ್ತೇನೆ. ಬೆಳಿಗ್ಗೆ ನಿಮ್ಮ ಮನೆಯ ಹೊಗೆ ಕಾಣಬೇಕು. ತಗ್ಗಿಸಿಯೇ ಇಡೋಣ, ತಲೆ ಎತ್ತದೆ ಕಾಣುವ ಹಾಗೆ. ಹೊಂಗೆಯ ಕೊಂಬೆ ಅಡ್ಡ ಬಂದರೆ ಕಡಿಸಿಹಾಕುತ್ತೇನೆ."

"ಸ್ವಲ್ಪ ನಿಲ್ಲು," ಹಿಂದಿನಿಂದ ಗುರುಗಳು ಅಂದರು.

ಅಡವಯ್ಯ ನಿಂತ. ಕಂಬಳಿ ಸರಿಪಡಿಸಿದ ಸದ್ದು ಕೇಳಿಸಿತು. ವಯಸ್ಸಾದವರು, ಆಯಾಸವಾಗಿರಬೇಕು ಅಂದುಕೊಂಡ.

"ಕಿಟಕಿಗೆ ಸರಳು ಬೇಡ ಅಲ್ಲವೇ ಗುರುಗಳೇ? ಸರಳು ಹಾಕಿದರೆ ಸೆರೆಮನೆಯ ಹಾಗಾಗುತ್ತದೆ."

"ನಡೆ," ಎಂದರು ಗುರುಗಳು.

ಅಡವಯ್ಯ ನಡೆದ. ಕಿಟಕಿಯ ಮರ ಬೇವಿನದಿರಲಿ, ಹುಳ ಹಿಡಿಯುವುದಿಲ್ಲ ಎಂದ. ಹೊಳೆದಂಡೆಯ ಮನೆ ಮುಟ್ಟುವವರೆಗೂ ಮಾತು ನಿಲ್ಲಿಸಲಿಲ್ಲ.

ಜೋಲಿ ಇಳಿಸಿ ತಿರುಗಿದಾಗ ಕಂಬಳಿ ಕಾಶವ್ವನ ಮುಖದ ಮೇಲಿತ್ತು. ಅವನು ಸರಿಸಿದ. ಕಣ್ಣು ಯಾರೋ ಮುಚ್ಚಿದ್ದರು. ಕೈ ಹಿಡಿದು ನೋಡಿದ, ತಣ್ಣಗಾಗಿತ್ತು.

ಅಡವಯ್ಯ ನೆಲಕ್ಕೆ ಹಣೆ ಬಡಿದುಕೊಂಡು ಅತ್ತ.

"ನಾನು ಜೊತೆಗೇ ಇದ್ದೆನಲ್ಲ ಗುರುಗಳೇ! ಇವಳ ಜೊತೆಗೇ ಮಾತಾಡುತ್ತಿದ್ದೆನಲ್ಲ! ಯಾವಾಗ ಹೋದಳು?"

ಗುರುಗಳು ಗಳಕ್ಕೆ ಕಟ್ಟಿದ್ದ ಗಂಟು ಬಿಚ್ಚುತ್ತಿದ್ದರು.

"ನೀನು ಅವಳಿಗೆ ಕಿಟಕಿ ಇಡುತ್ತಿದ್ದೆಯಲ್ಲ, ಆಗ."