ಕೆಂಚವ್ವನ ಖಾಲಿ ಗೂಡು

ತಾಮ್ರಗಿರಿ ಅಂತ ಒಂದು ನಾಡು. ಆ ನಾಡಿಗೆ ಮಾದರಸ ಅಂತ ಒಬ್ಬ ರಾಜ. ಕೆಟ್ಟವನಲ್ಲ, ಸ್ವಲ್ಪ ಅವಸರದವನು. ಪ್ರತಿ ಸೋಮವಾರ ಸಭೆ ಕರೆದು ಒಂದು ಪ್ರಶ್ನೆ ಕೇಳುತ್ತಿದ್ದ. ಒಪ್ಪುವ ಉತ್ತರ ಹೇಳಿದವರಿಗೆ ತನ್ನ ಕೈಯಿಂದಲೇ ಮೊದಲ ವೀಳ್ಯ ಕೊಡುತ್ತಿದ್ದ. ಎರಡು ಎಲೆ, ಒಂದು ಅಡಿಕೆ, ಅಷ್ಟೇ. ಆದರೆ ಆ ಎರಡು ಎಲೆಗೆ ದೊಡ್ಡ ದೊಡ್ಡವರು ಬಾಯಿ ಬಾಯಿ ಬಿಡುತ್ತಿದ್ದರು.

ಇಪ್ಪತ್ತು ವರ್ಷದಿಂದ ಆ ವೀಳ್ಯ ಒಬ್ಬನಿಗೇ ಹೋಗುತ್ತಿತ್ತು. ಅವನು ಆಸ್ಥಾನದ ಕೋನೇರಿ ಪಂಡಿತ. ಜರಿ ಶಾಲು, ಕೈತುಂಬ ಗಂಧ, ದೊಡ್ಡ ಹೊಟ್ಟೆ. ಹೊಟ್ಟೆ ದೊಡ್ಡದಿದ್ದರೆ ತಪ್ಪೇನಿಲ್ಲ ಬಿಡಿ ಮಕ್ಕಳೇ, ಅದರೊಳಗೆ ಕಿಚ್ಚಿರಬಾರದು.

ಒಂದು ಸೋಮವಾರ ರಾಜ ಕೇಳಿದ, "ಈ ಲೋಕದಲ್ಲಿರೋದೆಲ್ಲ ಯಾವುದರಿಂದ ಆಗಿದೆ?"

ಪಂಡಿತ ಎದ್ದು ನಿಂತ. "ಐದರಿಂದ, ಮಹಾಪ್ರಭು. ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶ. ನಮ್ಮ ತಾತ ಐದು ಅಂದರು, ನಮ್ಮ ತಂದೆ ಐದು ಅಂದರು, ನಾನೂ ಐದು ಅಂತೀನಿ."

ರಾಜ ವೀಳ್ಯದ ತಟ್ಟೆಗೆ ಕೈ ಹಾಕಿದ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

"ಬುದ್ದೀ, ಐದಲ್ಲ. ಇನ್ನೂ ಬಾಳ ಅವೆ."

ಎಲ್ಲರೂ ತಿರುಗಿ ನೋಡಿದರು. ಕುಲುಮೆಯ ಕೆಂಚವ್ವ. ಅರಮನೆಯ ಒಡೆದ ಕಡಾಯಿಗೆ ಬೆಸುಗೆ ಹಾಕಿ ಕೊಡಲು ಬಂದವಳು. ಕೈಯೆಲ್ಲ ಮಸಿ.

"ಅದೇನು ತೋರಿಸವ್ವಾ" ಅಂದ ರಾಜ.

ಕೆಂಚವ್ವ ಮಡಿಲಿಂದ ಒಂದು ಕೆಂಪು ಕಲ್ಲು ತೆಗೆದಳು. ಇಂಗಳೀಕದ ಕಲ್ಲು. "ಇದು ಯಾವುದರಿಂದ ಆಗೈತೆ ಸ್ವಾಮಿ?" ಅಂತ ಪಂಡಿತನನ್ನು ಕೇಳಿದಳು. "ಮಣ್ಣಿಂದ, ಇನ್ನೇನು!" ಅಂದ ಪಂಡಿತ. ಅವಳು ಕಲ್ಲನ್ನು ಮೂಸೆಗೆ ಹಾಕಿ, ಮುಚ್ಚಳ ಮುಚ್ಚಿ, ಬೆಸುಗೆಗೆ ತಂದಿದ್ದ ಕೆಂಡದ ಮೇಲೆ ಕಾಯಿಸಿದಳು. ಗಂಧಕದ ಘಾಟು ಮೂಗಿಗೆ ಬಡಿಯಿತು. ಮುಚ್ಚಳದ ಒಳಗೆ ಪಾದರಸದ ಮಣಿ ಕೂತಿತ್ತು.

"ಕಲ್ಲು ಒಡೆದು ಗಂಧಕ, ಪಾದರಸ ಅಂತ ಎರಡಾಯ್ತು. ಈಗ ಪಾದರಸ ಒಡೀತದಾ ನೋಡಿ" ಅಂದಳು. ಕಾಯಿಸಿದಳು, ಅದು ಪಾದರಸವೇ. ಕುಟ್ಟಿದಳು, ಅದು ಪಾದರಸವೇ. ಬಟ್ಟೆಯಲ್ಲಿ ಹಿಂಡಿ ಸೋಸಿದಳು, ಆಗಲೂ ಪಾದರಸವೇ. "ಏನ್ ಮಾಡಿದ್ರೂ ಒಡೀದೆ ಉಳಿಯೋದೇ ಮೂಲ, ಬುದ್ದಿ. ತಾಮ್ರ ಒಂದು ಮೂಲ, ಸತು ಒಂದು ಮೂಲ. ಹಿತ್ತಾಳೆ ಮೂಲ ಅಲ್ಲ, ಅದು ಆ ಎರಡರ ಸಂಸಾರ."

ರಾಜ ಗಹಗಹಿಸಿ ನಕ್ಕ. ಮೊದಲ ವೀಳ್ಯ ಕೆಂಚವ್ವನ ಮಸಿ ಕೈಗೆ ಹೋಯಿತು.

ಕೋನೇರಿ ಪಂಡಿತ ಶಾಲು ಕೊಡವಿ ಎದ್ದ. ಮನೆಗೆ ಹೋದ, ಊಟ ಸೇರಲಿಲ್ಲ. ಹೆಂಡತಿ ಮಜ್ಜಿಗೆ ಕೊಟ್ಟಳು, ಅದೂ ಸೇರಲಿಲ್ಲ. "ಮಸಿ ಕೈಗೆ ವೀಳ್ಯವಂತೆ! ಮಸಿ ಕೈಗೆ!" ಅಂತ ಮೂರು ಸಲ ಗೋಡೆಗೆ ಹೇಳಿದ. ಗೋಡೆ ಏನು ಮಾಡೀತು ಪಾಪ.

ಇತ್ತ ರಾಜ, "ನಿನಗೆ ಗೊತ್ತಿರೋ ಮೂಲಗಳನ್ನೆಲ್ಲ ನನ್ನ ಸಭೆಯಲ್ಲೇ ಜೋಡಿಸವ್ವಾ" ಅಂದ. ಕೆಂಚವ್ವ ಸಭೆಯ ಒಂದು ಗೋಡೆಯ ತುಂಬ ಗೂಡು ಕೊರೆಸಿದಳು. ಹಗುರದ್ದು ಮೊದಲು, ಭಾರದ್ದು ಆಮೇಲೆ. ಒಂದೇ ಗುಣದವು ಒಂದರ ಕೆಳಗೊಂದು. ತಾಮ್ರದ ಕೆಳಗೆ ಬೆಳ್ಳಿ, ಬೆಳ್ಳಿಯ ಕೆಳಗೆ ಚಿನ್ನ. ನೀರಿನ ತಂಬಿಗೆಯನ್ನು ಮಾತ್ರ ಗೂಡಿಗೆ ಸೇರಿಸದೆ ಜಗುಲಿಯ ಮೇಲೆ ಇಟ್ಟಳು. "ಇದು ಒಡೀತದೋ ಇಲ್ವೋ ನಂಗೊತ್ತಿಲ್ಲ. ಗೊತ್ತಾಗೋವರೆಗೂ ಹೊರಗೇ ಕೂತಿರ್ಲಿ" ಅಂದಳು.

"ಭಾರ, ಹಗುರ ಅಂತ ಹೇಗೆ ತಿಳಿದೆ?" ಅಂತ ರಾಜ ಕೇಳಿದ.

"ನಮ್ಮಜ್ಜಿ ಒಡೆದ್ಲು, ನಮ್ಮಪ್ಪ ತೂಗ್ದ, ನಾನು ಜೋಡಿಸ್ದೆ. ಒಂದೊಂದು ಮೂಲಕ್ಕೂ ಒಂದೊಂದು ಕಾಳೈತೆ ಬುದ್ದಿ. ರಾಗಿಗೆ ರಾಗಿಕಾಳು, ಜೋಳಕ್ಕೆ ಜೋಳದ ಕಾಳು ಇದ್ದಂಗೆ. ಕಣ್ಣಿಗೆ ಕಾಣಲ್ಲ. ಆದ್ರೆ ಯಾವುದು ಎಷ್ಟಕ್ಕೆ ಎಷ್ಟು ಕೂಡ್ತದೆ ಅಂತ ತೂಗಿ ತೂಗಿ, ಯಾವ ಕಾಳು ಭಾರ ಅಂತ ನಮ್ಮಪ್ಪ ಕಂಡ್ಕೊಂಡ. ಅಷ್ಟರಲ್ಲಿ ಅವನ ಕಣ್ಣೇ ಹೋಗಿತ್ತು."

ಪಂಡಿತನಿಗೆ ಅಜ್ಜಿಯೂ ಬೇಡ, ಅಪ್ಪನೂ ಬೇಡ. ಅವನ ಕಣ್ಣು ಬಿದ್ದದ್ದು ಖಾಲಿ ಗೂಡುಗಳ ಮೇಲೆ. ಸಾಲಿನ ನಡುವೆ ಮೂರು ಗೂಡು ಖಾಲಿ ಇದ್ದವು.

"ನೋಡಿ ಮಹಾಪ್ರಭು, ಗೋಡೆಯೋ ಮುದುಕಿ ಬಾಯೋ! ಹಲ್ಲೇ ಇಲ್ಲ!"

ಸಭೆ ನಕ್ಕಿತು. ಕೆಂಚವ್ವ ನಗಲಿಲ್ಲ. "ಮದುವೆ ಮನೇಲಿ ನೆಂಟ ಒಬ್ಬ ಬರೋದು ತಡ ಆದ್ರೆ ಏನ್ಮಾಡ್ತೀರಿ ಸ್ವಾಮಿ? ಎಲೆ ಹಾಕಿ ಜಾಗ ಬಿಡ್ತೀರಿ. ಅಲ್ಲಿ ದಾರೀಲಿ ಹೋಗೋರನ್ನ ಕೂರಿಸಲ್ಲ. ಇವೂ ಹಂಗೇ, ಇನ್ನೂ ಬಾರದೋರ ಎಲೆ." ಸತುವಿನ ಪಕ್ಕದ ಗೂಡಿಗೆ ಕೈಯಿಟ್ಟಳು. "ಈ ನೆಂಟ ಹೆಂಗಿರ್ತಾನೆ ಅಂತ ಅಕ್ಕಪಕ್ಕದವರ ಗುಣ ನೋಡಿ ಹೇಳ್ತೀನಿ. ಬೆಳ್ಳಗಿರ್ತಾನೆ. ನೀರಲ್ಲಿ ಮುಳುಗಿಸಿದ್ರೆ ಎಷ್ಟು ನೀರು ಹೊರಗೆ ಚೆಲ್ತದೋ ಅದರ ಆರರಷ್ಟು ತೂಗ್ತಾನೆ. ಬಾಳ ಮೆದು ಜೀವ, ಅಂಗೈ ಬಿಸಿಗೇ ಕರಗೋಗ್ತಾನೆ."

"ಅಂಗೈಯಲ್ಲಿ ಕರಗೋ ಲೋಹ! ಲೋಹವೋ ಬೆಣ್ಣೆಯೋ!" ಪಂಡಿತ ಹೊಟ್ಟೆ ಹಿಡಿದು ನಕ್ಕ. ನಕ್ಕದ್ದು ಬಾಯಿ ಮಾತ್ರ. ಒಳಗೆ ಉರಿ ಎರಡರಷ್ಟಾಗಿತ್ತು. ಕಂಡದ್ದನ್ನು ಹೇಳುವವರನ್ನು ಹೇಗೋ ಸಹಿಸಬಹುದು. ಇವಳು ಕಾಣದ್ದನ್ನೂ ಹೇಳುತ್ತಾಳಲ್ಲ! ಇಪ್ಪತ್ತು ವರ್ಷ ಶಾಲು ಹೊದ್ದರೂ ತನಗೆ ಅದು ಬರಲಿಲ್ಲವಲ್ಲ!

ಮುಂದಿನ ಸೋಮವಾರ ಅವನು ಥಳಥಳ ಹೊಳೆಯುವ ಒಂದು ಬಿಳಿ ಗಟ್ಟಿ ತಂದ. "ತಗೋ, ನಿನ್ನ ನೆಂಟ ಬಂದ!" ಅಂದ. ತವರ, ಸೀಸ ಎರಡನ್ನೂ ಕರಗಿಸಿ ತಾನೇ ಎರಕ ಹೊಯ್ದದ್ದು ಅದು. ಅವಳು ಗೂಡಿನಲ್ಲಿ ಇಟ್ಟಳೋ, 'ಮೋಸ ಹೋದಳು ನೋಡಿ' ಅಂತ ಮಾನ ಕಳೆಯುವುದು ಅವನ ಲೆಕ್ಕಾಚಾರ.

ಕೆಂಚವ್ವ ಅದನ್ನು ನೀರಲ್ಲಿ ಮುಳುಗಿಸಿದಳು, ತಕ್ಕಡಿಗೆ ಹಾಕಿದಳು. ಚೆಲ್ಲಿದ ನೀರಿನ ಎಂಟರಷ್ಟು ತೂಗಿತು. ರಾಜನ ಅಂಗೈಗೆ ಕೊಟ್ಟಳು. ರಾಜ ಹಿಡಿದ, ಹಿಡಿದ, ಕೈ ಸೋತಿತು. ಗಟ್ಟಿ ಕರಗಲಿಲ್ಲ.

"ಈ ಎಲೆ ಇವನದಲ್ಲ. ಇದು ನಿಮ್ಮನೆ ಪಾತ್ರೆ ಕಲಾಯಿ ಸ್ವಾಮಿ" ಅಂದಳು.

ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ ನಮ್ಮ ಪಂಡಿತನದು. "ಕೇಳಿದಿರಾ ಮಹಾಪ್ರಭು! ಯಾವುದು ತಂದರೂ ಇವಳು ಅಲ್ಲ ಅಂತಾಳೆ. ಲೋಕದಲ್ಲೇ ಇಲ್ಲದ್ದನ್ನು ಹೇಳಿ ಕೂತಿದ್ದಾಳೆ. ಇಲ್ಲದ್ದನ್ನು ಸುಳ್ಳು ಅಂತ ತೋರಿಸೋರು ಯಾರು?"

ರಾಜ ಯೋಚಿಸಿದ. ಮೊದಲೇ ಅವಸರದವನು. "ಪುಷ್ಯ ಮಾಸದ ಕೊನೇ ಸೋಮವಾರದೊಳಗೆ ನಿನ್ನ ನೆಂಟ ಬರಬೇಕು ಕೆಂಚವ್ವಾ. ಬರದಿದ್ದರೆ ಈ ಗೋಡೆಗೆ ಗಾರೆ ಮೆತ್ತಿಸ್ತೀನಿ. ನೀನು ನಾಡು ಬಿಡಬೇಕು."

ಕೆಂಚವ್ವ ಸತುವಿನ ಗಣಿಯವರಿಗೆ ಹೇಳಿ ಕಳಿಸಿದಳು. "ಅವನು ಸತುವಿನ ಪಕ್ಕದೋನು, ನೀವು ಅದಿರು ಕಾಯಿಸಿ ಉಳಿದ ಕಿಟ್ಟದಲ್ಲೇ ಎಲ್ಲೋ ಅಡಗಿರ್ತಾನೆ. ಕಾಯಿಸಿ, ಸೋಸಿ, ಹುಡುಕಿ." ಒಂದು ಸೋಮವಾರ ಹೋಯಿತು, ಸುದ್ದಿ ಇಲ್ಲ. ಎರಡನೆಯದೂ ಹೋಯಿತು, ಸುದ್ದಿ ಇಲ್ಲ. ಕೊನೆಯ ಸೋಮವಾರ ಬಂದೇಬಿಟ್ಟಿತು.

ಅವತ್ತು ಬೆಳಿಗ್ಗೆ ಮೈ ಕೊರೆಯುವ ಚಳಿ. ಅರಮನೆ ಬಾಗಿಲಿಗೆ ಗಣಿಯ ದ್ಯಾವಣ್ಣ ಬಂದ. ಕೈಯಲ್ಲಿ ಒದ್ದೆ ಬಟ್ಟೆಯ ಪುಟ್ಟ ಗಂಟು. ಎದುರಿಗೆ ಸಿಕ್ಕವನು ಯಾರು? ಕೋನೇರಿ ಪಂಡಿತ!

"ಕೆಂಚವ್ವನಿಗಾ? ಕೊಡಪ್ಪ, ನಾನೇ ತಲುಪಿಸ್ತೀನಿ. ನೀನು ಇಲ್ಲೇ ಸುಧಾರಿಸ್ಕೋ."

"ಜ್ವಾಪಾನ ಸ್ವಾಮಿ, ಅದಕ್ಕೆ ಬಿಸಿ ತಾಗಿಸ್ಬ್ಯಾಡಿ" ಅಂದ ದ್ಯಾವಣ್ಣ.

ಪಂಡಿತನ ಕಿವಿಗೆ ಅದೆಲ್ಲಿ ಬೀಳಬೇಕು? ಮರೆಗೆ ಹೋಗಿ ಗಂಟು ಬಿಚ್ಚಿದ. ಹೆಬ್ಬೆರಳ ಗಾತ್ರದ ಬೆಳ್ಳನೆಯ ತುಂಡು. ಬಟ್ಟೆ ಎಸೆದು, ತುಂಡನ್ನು ಬಾವಿಗೆ ಹಾಕೋಣ ಅಂತ ಹೊರಟ. ಅಷ್ಟರಲ್ಲಿ ಸಭೆಯ ಗಂಟೆ ಮೊಳಗಿತು. ಸೇವಕರು ಓಡಿ ಬಂದು, "ಬನ್ನಿ ಸ್ವಾಮಿ, ಪ್ರಭುಗಳು ಕಾಯ್ತಾ ಅವ್ರೆ" ಅಂದರು. ಬೇರೆ ದಾರಿ ಕಾಣದೆ ಅವನು ತುಂಡನ್ನು ಬಲಮುಷ್ಟಿಯಲ್ಲಿ ಬಿಗಿಹಿಡಿದು, ಮುಷ್ಟಿಯನ್ನು ಶಾಲಿನೊಳಗೆ ತೂರಿಸಿಕೊಂಡು ನಡೆದ.

ಸಭೆಯಲ್ಲಿ ಗಾರೆಯವನು ಸುಣ್ಣ ಕಲಸಿಕೊಂಡು ನಿಂತಿದ್ದ. ಕೆಂಚವ್ವ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. "ನನ್ನ ಓಡಿಸಿ ಬುದ್ದಿ, ಹೋಯ್ತೀನಿ. ಗೋಡೆ ಮುಚ್ಚಬ್ಯಾಡಿ. ನಮ್ಮಪ್ಪನ ಕಣ್ಣು ಇದರಾಗೈತೆ" ಅಂತ ಅತ್ತಳು. ರಾಜನ ಮುಖ ಸಣ್ಣಗಾಯಿತು. ಆದರೆ ಆಡಿದ ಮಾತು.

ಪಂಡಿತ ಅಲ್ಲಿಗೇ ಸುಮ್ಮನಿದ್ದರೆ ಬದುಕುತ್ತಿದ್ದ. ಹೊಟ್ಟೆಕಿಚ್ಚಿಗೆ ಗೆದ್ದರಷ್ಟೇ ಸಾಲದು, ಎದುರಿನವರು ಸೋತದ್ದನ್ನು ಎಲ್ಲರಿಗೂ ಹೇಳಬೇಕು. ಎದ್ದು ನಿಂತು, "ಕೊನೆಗೂ ಐದೇ ಗೆದ್ದಿತು ಮಹಾಪ್ರಭು" ಅಂತ ಮಣ್ಣನ್ನು ಹೊಗಳಿದ, ನೀರನ್ನು ಹೊಗಳಿದ, ಬೆಂಕಿಯನ್ನು ಹೊಗಳಿದ. ಗಾಳಿ ಆಕಾಶ ಮುಗಿಯುವ ಹೊತ್ತಿಗೆ ಅವನ ಮೈ ಬೆವರಿತ್ತು. ಮುಷ್ಟಿಯೊಳಗೆ ಏನೋ ಮೆತ್ತಗಾದಂತಿತ್ತು. ಅವನು ಇನ್ನೂ ಬಿಗಿ ಹಿಡಿದ.

ರಾಜ ವೀಳ್ಯ ತೆಗೆದ. "ಬನ್ನಿ ಪಂಡಿತರೇ."

ಪಂಡಿತ ಎಡಗೈ ಚಾಚಿದ.

ಸಭೆಯೇ ಹೌಹಾರಿತು. ರಾಜನ ವೀಳ್ಯಕ್ಕೆ ಎಡಗೈಯೇ!

"ಎರಡೂ ಕೈ ಚಾಚಿ" ಅಂದ ರಾಜ.

"ಕೈ ಉಳುಕಿದೆ ಮಹಾಪ್ರಭು."

"ಉಳುಕಿದ್ದರೂ ಚಾಚಿ."

"ಅಂಗೈಯಲ್ಲಿ ಹುಣ್ಣಾಗಿದೆ ಮಹಾಪ್ರಭು."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ತೋರಿಸಿ!"

ಪಂಡಿತ ಮುಷ್ಟಿಯನ್ನು ಇನ್ನೂ ಹಿಂಡಿದ. ಹಿಂಡಿದಷ್ಟೂ ಅದು ಬೆರಳ ಸಂದಿಯಿಂದ ನುಸುಳಿತು. ಜರಿ ಶಾಲಿನ ಅಂಚಿನಿಂದ ಟಪ್ ಅಂತ ಒಂದು ಬೆಳ್ಳನೆಯ ಹನಿ ನೆಲಕ್ಕೆ ಬಿತ್ತು. ಟಪ್ ಅಂತ ಇನ್ನೊಂದು, ಟಪ್ ಅಂತ ಮತ್ತೊಂದು.

"ಬಂದ!" ಅಂತ ಕೂಗಿದಳು ಕೆಂಚವ್ವ. "ನನ್ನ ನೆಂಟ ಬಂದ ಬುದ್ದೀ!"

ಅವಳು ಓಡಿ ಹೋಗಿ, ಪಂಡಿತನಿಗೆ ಅಂತ ತೆಗೆದಿಟ್ಟಿದ್ದ ವೀಳ್ಯದೆಲೆಯಲ್ಲೇ ಹನಿಗಳನ್ನು ಬಳಿದಳು. ಪಂಡಿತನ ಅಂಗೈಯಲ್ಲಿ ಉಳಿದದ್ದನ್ನೂ ಬಳಿದಳು. ತಣ್ಣೀರಿಗೆ ಹಿಡಿದಳು, ಮತ್ತೆ ಗಟ್ಟಿಯಾಯಿತು. ತೂಗಿದಳು. ಚೆಲ್ಲಿದ ನೀರಿನ ಆರರಷ್ಟು! ಬಾಗಿಲಲ್ಲಿ ಕಾಯುತ್ತಿದ್ದ ದ್ಯಾವಣ್ಣನನ್ನು ಕರೆಸಿದರು. ಅವನು ನಡೆದದ್ದನ್ನು ನಡೆದ ಹಾಗೆ ಹೇಳಿದ. ಗಾರೆಯವನು ತಾನಾಗಿಯೇ ಸುಣ್ಣದ ಬುಟ್ಟಿ ಎತ್ತಿಕೊಂಡು ಹೊರಟ.

ಪಂಡಿತ ತನ್ನ ಅಂಗೈ ನೋಡಿಕೊಂಡ. ಗಂಧದ ಕೈ ಈಗ ಬೂದಿ ಬಣ್ಣ. ಕೆಂಚವ್ವನ ಮಸಿ ಕೈಗಿಂತ ಕಪ್ಪಗೆ ಕಂಡಿತು ಅವನಿಗೆ.

"ಇವನನ್ನು ಗಡಿ ದಾಟಿಸಿ!" ಅಂತ ರಾಜ ಗುಡುಗಿದ.

"ಬ್ಯಾಡಿ ಬುದ್ದಿ" ಅಂದಳು ಕೆಂಚವ್ವ. "ಇನ್ನೂ ಎರಡು ಎಲೆ ಖಾಲಿ ಅವೆ. ಬರೋ ನೆಂಟರಿಗೆ ಕಾಯೋರು ಬೇಕಲ್ಲ. ದಿನಾ ಆ ಗೂಡಿನ ಧೂಳು ಹೊಡೀಲಿ."

ಅಂದಿನಿಂದ ಕೋನೇರಿ ಪಂಡಿತ ಖಾಲಿ ಗೂಡುಗಳ ಧೂಳು ಹೊಡೆದ. ಮೊದಲ ವರ್ಷ ಹಲ್ಲು ಕಡಿಯುತ್ತಾ ಹೊಡೆದ. ಎರಡನೇ ವರ್ಷ ಸುಮ್ಮನೆ ಹೊಡೆದ. ಮೂರನೇ ವರ್ಷ ಪರನಾಡಿನ ಪಂಡಿತನೊಬ್ಬ ಬಂದು ಗೋಡೆ ನೋಡಿ, "ಇದೇನ್ರೀ, ಮುದುಕಿ ಬಾಯಿ ಇದ್ದ ಹಾಗಿದೆ!" ಅಂತ ನಕ್ಕ.

ಕೋನೇರಿ ಪಂಡಿತ ಬಟ್ಟೆ ಹೆಗಲಿಗೆ ಹಾಕಿಕೊಂಡು ಹೇಳಿದ, "ನಗಬೇಡಿ ಸ್ವಾಮಿ. ಎಲೆ ಹಾಕಿದ್ದೀವಿ. ಬರ್ತಾರೆ."

ಅದಕ್ಕೇ ಮಕ್ಕಳೇ, ಗೊತ್ತಿಲ್ಲದ್ದಕ್ಕೆ ಜಾಗ ಬಿಟ್ಟವರ ಮನೆಗೆ ಅರಿವು ತಾನಾಗಿ ನಡೆದು ಬರುತ್ತದೆ. ಹೊಟ್ಟೆಕಿಚ್ಚಿನವನು ಅದನ್ನು ಎಷ್ಟು ಬಿಗಿಯಾಗಿ ಬಚ್ಚಿಟ್ಟರೂ, ಅವನ ಮೈಯ ಬಿಸಿಯೇ ಅವನನ್ನು ಹಿಡಿದುಕೊಡುತ್ತದೆ.

ಕೆಂಚವ್ವ ಕುಲುಮೆಗೆ ಹೋದಳು, ಪಂಡಿತ ಗೋಡೆಗೆ ಹೋದ, ಕಥೆ ನಿಮ್ಮ ಮಡಿಲಿಗೆ ಬಂತು.